ಮೇಕ್ ಗೈಡಿನ ಮೊದಲ ಪ್ಯಾರಾ ಬದಲಿಸೋಣವಾ? ಹೊಸಬರು ಅಲ್ಲೇ ದಾರಿ ತಪ್ಪುತ್ತಿದ್ದಾರೆ

ಕೊಟ್ಟಾರ_ಕಂಪೈಲರ್

ಎಲ್ಲರಿಗೂ ನಮಸ್ಕಾರ. ಮಂಗಳೂರು, ಉಡುಪಿ ಕಡೆಯ ಕಾಲೇಜು ಮಕ್ಕಳಿಗೆ ಅಂತ ನಾವು ಇಟ್ಟಿರುವ ಕನ್ನಡ ಗೈಡಿನಲ್ಲಿ ಕೋಡಿನಿಂದ ಪ್ರೋಗ್ರಾಮ್ ಕಟ್ಟಲು ಬಳಸುವ 'ಮೇಕ್' ಸಾಧನದ ಬಗ್ಗೆ ಒಂದು ಪುಟ ಉಂಟಲ್ಲ, ಅದರ ವಿಷಯ. ಈಗ ಅದು ಹೀಗೆ ಶುರುವಾಗುತ್ತದೆ:

"ಪ್ರಾಜೆಕ್ಟ್ ಬಿಲ್ಡ್ ಮಾಡುವಾಗ ಅದೇ ಕಮಾಂಡುಗಳನ್ನು ಮತ್ತೆ ಮತ್ತೆ ಟೈಪ್ ಮಾಡಬೇಕಾಗುತ್ತದೆ. ಅವನ್ನು ಮೇಕ್‌ಫೈಲಿನಲ್ಲಿ ಬರೆದಿಟ್ಟರೆ ಒಂದೇ ಮಾತಿಗೆ ಎಲ್ಲವೂ ಓಡುತ್ತದೆ."

ಸುಳ್ಳೇನಲ್ಲ. ಆದರೆ ಇದನ್ನು ಓದಿದವರು ಮೇಕ್‌ಫೈಲ್ ಅಂದ್ರೆ ಮೇಲಿಂದ ಕೆಳಗೆ ಓಡುವ ಶೆಲ್ ಸ್ಕ್ರಿಪ್ಟು ಅಂತಲೇ ತಿಳಿದುಕೊಳ್ಳುತ್ತಾರೆ. ಆಮೇಲೆ ಬರುವ ಪ್ರಶ್ನೆಗಳನ್ನು ನೋಡಿ. 'ಮೇಕ್ ಟೆಸ್ಟ್' ಕೊಟ್ರೆ 'ಅಪ್ ಟು ಡೇಟ್' ಅನ್ನುತ್ತದೆ, ಟೆಸ್ಟ್ ಓಡುವುದೇ ಇಲ್ಲ. ಸಿಡಿ ಕೊಟ್ಟು ಫೋಲ್ಡರ್ ಬದಲಿಸಿದ್ರೂ ಮುಂದಿನ ಸಾಲು ಹಳೇ ಫೋಲ್ಡರಿನಲ್ಲೇ ಓಡುತ್ತದೆ. ಹೆಡರ್ ಫೈಲು (ಹಲವು ಕೋಡ್ ಫೈಲುಗಳು ಸೇರಿಸಿಕೊಳ್ಳುವ ಫೈಲು) ತಿದ್ದಿದೆ, ಮೇಕ್‌ಗೆ ಗೊತ್ತೇ ಆಗಲಿಲ್ಲ. ಎಲ್ಲ ಪ್ರಶ್ನೆಗಳ ಬೇರು ಆ ಮೊದಲ ಪ್ಯಾರಾದಲ್ಲಿದೆ ಅಂತ ನನಗೆ ಅನಿಸುತ್ತದೆ.

ನನ್ನ ಸಲಹೆ ಇಷ್ಟೇ. ಪುಟ ಫೈಲಿನಿಂದ ಶುರುವಾಗಲಿ, ಕಮಾಂಡಿನಿಂದ ಬೇಡ. ಯಾವ ಫೈಲು ಯಾವುದರಿಂದ ತಯಾರಾಗುತ್ತದೆ ಅಂತ ನಾವು ಬರೆದುಕೊಡುತ್ತೇವೆ. ಮೂಲ ಫೈಲು ತಯಾರಾದ ಫೈಲಿಗಿಂತ ಹೊಸತಾ ಅಂತ ಮೇಕ್ ಸಮಯ ನೋಡುತ್ತದೆ. ಹೊಸತಾದರೆ, ಅಥವಾ ತಯಾರಾಗಬೇಕಾದ ಫೈಲು ಇನ್ನೂ ಹುಟ್ಟೇ ಇಲ್ಲದಿದ್ದರೆ, ಕಮಾಂಡ್ ಓಡಿಸುತ್ತದೆ. ಇಲ್ಲವಾದರೆ ಸುಮ್ನೆ ಕೂರುತ್ತದೆ.

ಉದಾಹರಣೆ ಕೊಡುತ್ತೇನೆ. ಓದಲು ಸುಲಭವಾಗಲಿ ಅಂತ ಎಲ್ಲವನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನಿಮ್ಮ ಫೈಲಿನಲ್ಲಿ ಕಮಾಂಡುಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಹಾಕಬೇಕು. ಕೋಲನ್ನಿನ ಎಡಕ್ಕೆ ತಯಾರಾಗುವ ಫೈಲು, ಬಲಕ್ಕೆ ಅದರ ಮೂಲ ಫೈಲುಗಳು, ಕೆಳಗೆ ಟ್ಯಾಬ್ ಹಾಕಿ ಕಮಾಂಡ್. .ಸಿ ಅಂದ್ರೆ ಕೋಡು, .ಎಚ್ ಅಂದ್ರೆ ಹೆಡರ್, .ಓ ಅಂದ್ರೆ ಕಂಪೈಲ್ ಆದ ಆಬ್ಜೆಕ್ಟ್ ಫೈಲು, ಜಿಸಿಸಿ ಅಂದ್ರೆ ಕಂಪೈಲರ್.

ಆ್ಯಪ್: ಮೇನ್.ಓ ಲೆಕ್ಕ.ಓ
	ಜಿಸಿಸಿ -ಓ ಆ್ಯಪ್ ಮೇನ್.ಓ ಲೆಕ್ಕ.ಓ
ಮೇನ್.ಓ: ಮೇನ್.ಸಿ ಲೆಕ್ಕ.ಎಚ್
	ಜಿಸಿಸಿ -ಸಿ ಮೇನ್.ಸಿ
ಲೆಕ್ಕ.ಓ: ಲೆಕ್ಕ.ಸಿ ಲೆಕ್ಕ.ಎಚ್
	ಜಿಸಿಸಿ -ಸಿ ಲೆಕ್ಕ.ಸಿ

ಲೆಕ್ಕ.ಸಿ ಮಾತ್ರ ತಿದ್ದಿದ್ರೆ ಲೆಕ್ಕ.ಓ ಮತ್ತೆ ತಯಾರಾಗುತ್ತದೆ, ಅದರಿಂದಾಗಿ ಆ್ಯಪ್ ಕೂಡ. ಮೇನ್.ಓ ತಂಟೆಗೆ ಹೋಗುವುದಿಲ್ಲ. ಲೆಕ್ಕ.ಎಚ್ ತಿದ್ದಿದ್ರೆ ಎಲ್ಲವೂ ಹೊಸದಾಗುತ್ತದೆ. ಮೂರು ನಿಯಮಗಳನ್ನು ಹಿಂದು ಮುಂದು ಬರೆದರೂ ಲೆಕ್ಕಾಚಾರ ಅದೇ. ಮೊದಲು ಬರೆದದ್ದಕ್ಕೆ ಇರುವ ವಿಶೇಷ ಒಂದೇ: ಬರೀ 'ಮೇಕ್' ಅಂತ ಕೊಟ್ಟರೆ ಅದನ್ನೇ ಹಿಡಿಯುತ್ತದೆ.

ಎಂತ ಹೇಳ್ತೀರಿ?

ಎಂಡ್‌ಪಾಯಿಂಟ್_ಗಾಳಿ

ನಾನು ಒಪ್ಪುವುದಿಲ್ಲ ಮಾರಾಯ್ರೆ. ಎರಡನೇ ವರ್ಷದ ಹುಡುಗನಿಗೆ ಉದ್ದ ಉದ್ದ ಕಮಾಂಡಿನಿಂದ ಬಿಡುಗಡೆ ಸಿಕ್ಕಿದ್ರೆ ಸಾಕು. ಫೈಲು, ಸಮಯ, ಅವಲಂಬನೆ ಅಂತ ಶುರು ಮಾಡಿದ್ರೆ ಪುಟ ಮುಚ್ಚಿ ಹೋಗ್ತಾನೆ.

ಇನ್ನೊಂದು. ಮಣಿಪಾಲದಲ್ಲಿ ನಾನು ಕೆಲಸ ಮಾಡುವ ಕಡೆ ಗೋ, ಪೈಥಾನ್, ನೋಡ್ ಎಲ್ಲ ಪ್ರಾಜೆಕ್ಟಿನಲ್ಲೂ ಮೇಕ್‌ಫೈಲ್ ಉಂಟು. ಮೇಕ್ ಲಿಂಟ್, ಮೇಕ್ ಟೆಸ್ಟ್, ಮೇಕ್ ರನ್. ಒಂದರಲ್ಲೂ ನೀವು ಹೇಳುವ ಫೈಲು-ಸಮಯದ ವ್ಯವಹಾರ ಇಲ್ಲ. ಯಾವುದನ್ನು ಮತ್ತೆ ಕಂಪೈಲ್ ಮಾಡಬೇಕು ಅಂತ ಗೋ ತಾನೇ ನೋಡಿಕೊಳ್ಳುತ್ತದೆ, ಅದಕ್ಕೆ ಅದರದ್ದೇ ಕ್ಯಾಶ್ (ಹಿಂದೆ ಮಾಡಿದ್ದನ್ನು ಉಳಿಸಿಡುವ ಜಾಗ) ಉಂಟು. ಮೇಕ್ ಅಲ್ಲಿ ಶಾರ್ಟ್‌ಕಟ್ಟಿನ ಕೆಲಸ ಮಾಡುತ್ತದೆ, ಚೆನ್ನಾಗಿಯೇ ಮಾಡುತ್ತದೆ. ಗೈಡಿನ ಮೊದಲ ಪ್ಯಾರಾ ಹೇಳುವುದೂ ಅದನ್ನೇ.

ಸುರತ್ಕಲ್_ಲೈಟ್‌ಹೌಸ್

ಎಂಡ್‌ಪಾಯಿಂಟ್ ಅವರ ಮಾತು ಇವತ್ತಿನ ಬಳಕೆಗೆ ಸರಿ. ಆದರೆ ಈ ಸಾಧನ ಹುಟ್ಟಿದ್ದು ಯಾಕೆ ಅಂತ ನೋಡಿದ್ರೆ ಕೊಟ್ಟಾರದವರ ಪಕ್ಷವೇ ಗಟ್ಟಿ.

1976. ಅಮೆರಿಕದ ಬೆಲ್ ಲ್ಯಾಬ್ಸ್. 'ಯಾಕ್' ಎಂಬ ಪ್ರೋಗ್ರಾಮ್ ಬರೆದ ಸ್ಟೀವ್ ಜಾನ್ಸನ್ ಅಲ್ಲಿ ಒಂದು ಬೆಳಗ್ಗೆ ಪೂರ್ತಿ ಒಂದು ಬಗ್ ಹುಡುಕುತ್ತಾ ಕಳೆದಿದ್ದರು. ಆ ಬಗ್ ಆಗಲೇ ಸರಿ ಮಾಡಿದ್ದಾಗಿತ್ತು. ತಿದ್ದಿದ ಫೈಲನ್ನು ಮತ್ತೆ ಕಂಪೈಲ್ ಮಾಡಿರಲಿಲ್ಲ, ಅಷ್ಟೇ. ಹಳೆಯ ಆಬ್ಜೆಕ್ಟ್ ಫೈಲುಗಳೇ ಲಿಂಕ್ ಆಗುತ್ತಿದ್ದವು. ಅವರು ಸಿಟ್ಟಿನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಅವರ ಕೋಣೆಗೆ ಬಂದರು. ಫೆಲ್ಡ್‌ಮನ್ ಕೂಡ ಹಿಂದಿನ ಸಂಜೆ ಅದೇ ತಾಪತ್ರಯದಲ್ಲಿ ಒದ್ದಾಡಿದ್ದರು. ಮೊದಲು ದೊಡ್ಡದಾಗಿ ಏನೋ ಯೋಚನೆ ಮಾಡಿದರಂತೆ, ಕೊನೆಗೆ ಸರಳ ಮಾಡಿ ಆ ವಾರಾಂತ್ಯದಲ್ಲೇ ಮೇಕ್ ಬರೆದು ಮುಗಿಸಿದರು. 2003ರಲ್ಲಿ ಅದಕ್ಕೆ ಕಂಪ್ಯೂಟರ್ ತಜ್ಞರ ಸಂಘ ಎಸಿಎಂನ ಸಾಫ್ಟ್‌ವೇರ್ ಸಿಸ್ಟಮ್ ಪ್ರಶಸ್ತಿ ಬಂತು.

ಅಂದ್ರೆ ಬೆರಳಿಗೆ ಟೈಪ್ ಮಾಡುವ ಶ್ರಮ ಉಳಿಸುವುದು ಅವರ ತಲೆನೋವಾಗಿರಲಿಲ್ಲ. ಅದಕ್ಕೆ ಶೆಲ್ ಸ್ಕ್ರಿಪ್ಟ್ ಸಾಕಿತ್ತು. ಯಾವ ಫೈಲು ಹಳತಾಗಿದೆ ಅಂತ ಮನುಷ್ಯ ಮರೆತರೂ ಯಂತ್ರ ಮರೆಯಬಾರದು, ಅದು ಅವರಿಗೆ ಬೇಕಿತ್ತು. ಇದನ್ನು ಬಿಟ್ಟು ಬರೆದ ಗೈಡು ಅರ್ಧವೇ.

ಕಮಾಂಡ್ ಸಾಲಿನ ಮುಂದೆ ಟ್ಯಾಬೇ ಬೇಕು ಅನ್ನುವುದರ ಕಥೆಯನ್ನೂ ಸೇರಿಸಿ, ಮಕ್ಕಳು ಬೈಯುವುದು ಸ್ವಲ್ಪ ಕಡಿಮೆಯಾದೀತು. ಲೆಕ್ಸ್ ಎಂಬ ಸಾಧನ ಆಗಷ್ಟೇ ಬಂದಿತ್ತು. ಅದನ್ನು ಕಲಿಯುವ ನೆಪಕ್ಕೆ ಫೆಲ್ಡ್‌ಮನ್ ಇಲ್ಲಿ ಬಳಸಲು ಹೊರಟು ಸಿಕ್ಕಿಕೊಂಡರು. ಕೊನೆಗೆ 'ಹೊಸ ಸಾಲು, ಕೂಡಲೇ ಟ್ಯಾಬ್' ಅಂತ ಸುಲಭದ ಗುರುತು ಇಟ್ಟರು. ಕೆಲಸ ಆಯಿತು, ಹಾಗೇ ಉಳಿಯಿತು. ಕೆಲವು ವಾರಗಳಲ್ಲಿ ಹತ್ತು ಹನ್ನೆರಡು ಮಂದಿ ಅದನ್ನು ಬಳಸತೊಡಗಿದ್ದರು, ಹೆಚ್ಚಿನವರು ಗೆಳೆಯರು. ಅವರಿಗೆ ತೊಂದರೆ ಯಾಕೆ ಅಂತ ಬದಲಿಸಲಿಲ್ಲ. ಆ ಡಜನ್ ಜನರ ದಾಕ್ಷಿಣ್ಯಕ್ಕೆ ನಾವು ಇವತ್ತಿಗೂ ಕಂದಾಯ ಕಟ್ಟುತ್ತಿದ್ದೇವೆ.

ದೇರಳಕಟ್ಟೆ_ಫೈನಲ್‌ಇಯರ್

ಅಕ್ಕಾ, ಆ 'ಮೇಕ್ ಟೆಸ್ಟ್' ಪ್ರಶ್ನೆ ಕೇಳಿದವರಲ್ಲಿ ನಾನೂ ಒಬ್ಬ. ನಮ್ಮ ಪ್ರಾಜೆಕ್ಟಿನಲ್ಲಿ ಟೆಸ್ಟ್ ಅಂತ ಫೋಲ್ಡರ್ ಇದೆ. ಹೆಸರು ಬದಲಿಸಿ 'ಮೇಕ್ ಟೆಸ್ಟ್‌ರನ್' ಅಂತ ಮಾಡಿದ ಮೇಲೆ ಓಡಿತು. ಯಾಕೆ ಅಂತ ಇವತ್ತಿನವರೆಗೆ ಗೊತ್ತಿರಲಿಲ್ಲ. ಫೋಲ್ಡರನ್ನೇ ಫೈಲು ಅಂತ ತಿಳಿದುಕೊಂಡಿತಾ?

ಕೊಟ್ಟಾರ_ಕಂಪೈಲರ್

ಹೌದು ತಮ್ಮಾ. ಮೇಕ್ ಮಟ್ಟಿಗೆ ಟೆಸ್ಟ್ ಅನ್ನುವುದು ತಯಾರಾಗಬೇಕಾದ ಫೈಲಿನ ಹೆಸರು. ಆ ಹೆಸರಿನದ್ದು ಏನೋ ಒಂದು ಡಿಸ್ಕಿನಲ್ಲಿ ಆಗಲೇ ಉಂಟು. ಅದು ಇಂಥದ್ದರಿಂದ ತಯಾರಾಗುತ್ತದೆ ಅಂತ ನೀನು ಏನೂ ಬರೆದಿಲ್ಲ. ಹಾಗಾಗಿ ಹೋಲಿಸಲು ಏನೂ ಇಲ್ಲ, ಕೆಲಸ ಮುಗಿದಿದೆ ಅಂತ ಲೆಕ್ಕ. ಅದರ ಕಡೆಯಿಂದ ನೋಡಿದ್ರೆ ತಪ್ಪೇ ಇಲ್ಲ.

ಹೆಸರು ಬದಲಿಸುವುದು ಬೇಡ. ಮೇಲೆ ಒಂದು ಸಾಲು ಸೇರಿಸು:

.ಫೋನಿ: ಟೆಸ್ಟ್ ಕ್ಲೀನ್ ರನ್

ಇವು ಫೈಲುಗಳಲ್ಲ, ಡಿಸ್ಕಿನಲ್ಲಿ ಹುಡುಕಬೇಡ, ಕರೆದಾಗಲೆಲ್ಲ ಓಡಿಸು ಅಂತ ಅರ್ಥ. ಟೈಪ್ ಮಾಡುವಾಗ ಚುಕ್ಕಿ ಬಿಡಬೇಡ, ಫೋನಿ ಪೂರ್ತಿ ದೊಡ್ಡಕ್ಷರದಲ್ಲಿರಬೇಕು. ಈಗಿನ ಗೈಡಿನಲ್ಲಿ ಇದು ಪುಟದ ತೀರಾ ಕೆಳಗೆ 'ಇತರ ಸಲಹೆಗಳು' ಅಡಿಯಲ್ಲಿ ಬಿದ್ದಿದೆ. ಎಂಡ್‌ಪಾಯಿಂಟ್ ಅವರ ಆಫೀಸಿನ ಮೇಕ್‌ಫೈಲುಗಳು ನಿಂತಿರುವುದೇ ಈ ಒಂದು ಸಾಲಿನ ಮೇಲೆ.

ಸುರತ್ಕಲ್_ಲೈಟ್‌ಹೌಸ್

ಅದರ ಜೊತೆ ಒಂದು ಎಚ್ಚರಿಕೆಯೂ ಇರಲಿ. ನಿಜವಾದ ಫೈಲು ಫೋನಿಯ ಮೇಲೆ ಅವಲಂಬಿತ ಅಂತ ಬರೆದರೆ ಆ ಫೈಲು ಪ್ರತಿ ಸಲವೂ ಹೊಸದಾಗಿ ತಯಾರಾಗುತ್ತದೆ. ಔಟ್‌ಪುಟ್ ಫೋಲ್ಡರ್ ಬೇಕು ಅಂತ 'ಆ್ಯಪ್: ಸೆಟಪ್ ಮೇನ್.ಓ' ಅಂತ ಬರೆದು, ಸೆಟಪ್ಪನ್ನು ಫೋನಿ ಮಾಡಿದವರನ್ನು ನಾನು ಬಹಳ ನೋಡಿದ್ದೇನೆ. ಆಮೇಲೆ ಮೇಕ್ ನಿಧಾನ ಅಂತ ದೂರು. ಫೋಲ್ಡರ್ ಇದ್ದರೆ ಸಾಕು, ಅದರ ಸಮಯ ನೋಡಬೇಡ ಅನ್ನಲು ಲೈನಕ್ಸ್‌ನಲ್ಲಿ ಸಾಮಾನ್ಯವಾಗಿ ಸಿಗುವ ಗ್ನೂ ಮೇಕ್‌ನಲ್ಲಿ ನೆಟ್ಟಗಿನ ಗೀಟು ಉಂಟು: 'ಆ್ಯಪ್: ಮೇನ್.ಓ | ಔಟ್'. ಗೀಟಿನ ಬಲಕ್ಕೆ ಇರುವುದು ಮೊದಲೇ ಇರಬೇಕು, ಅದರ ವಯಸ್ಸು ಲೆಕ್ಕಕ್ಕಿಲ್ಲ.

ಹಂಪನಕಟ್ಟೆ_ಲೈನಕ್ಸ್

ಮೇಕ್‌ಫೈಲನ್ನು ಬರೀ ಕಮಾಂಡ್ ಪಟ್ಟಿ ಅಂತ ತಿಳಿದುಕೊಂಡರೆ ಎಲ್ಲಿ ಕೈಕೊಡುತ್ತದೆ ಅಂತ ನಾನು ಹೇಳುತ್ತೇನೆ. ಈ ತರಹದ್ದನ್ನು ಎಲ್ಲರೂ ನೋಡಿರುತ್ತೀರಿ:

ಎಲ್ಲ: ಕ್ಲೀನ್ ಬಿಲ್ಡ್

ಮೊದಲು ಕ್ಲೀನ್, ಆಮೇಲೆ ಬಿಲ್ಡ್ ಅಂತ ಬರೆದವರ ಮನಸ್ಸಿನಲ್ಲಿದೆ. ಸಾಧಾರಣವಾಗಿ ಎಡದಿಂದ ಬಲಕ್ಕೆ ಹೋಗುವುದರಿಂದ ಕೆಲಸವೂ ಆಗುತ್ತದೆ. ಒಂದು ದಿನ ಯಾರೋ ಬೇಗ ಮುಗಿಯಲಿ ಅಂತ 'ಮೇಕ್ -ಜೆ4' ಕೊಡುತ್ತಾರೆ. ಎರಡೂ ಒಟ್ಟಿಗೆ ಶುರು. ಒಂದು ಕಡೆ ಆಬ್ಜೆಕ್ಟ್ ಫೈಲು ಹುಟ್ಟುತ್ತಿದೆ, ಇನ್ನೊಂದು ಕಡೆ ಅದನ್ನೇ ಅಳಿಸುತ್ತಿದೆ. ಕೆಲವೊಮ್ಮೆ ಪಾಸ್, ಕೆಲವೊಮ್ಮೆ ಫೇಲ್. ಇಂಥ ಬಗ್ ಹುಡುಕುವಷ್ಟು ಬೇಜಾರಿನ ಕೆಲಸ ಇನ್ನೊಂದಿಲ್ಲ.

ಆ ಸಾಲಿನಲ್ಲಿ ಕ್ಲೀನ್ ಮುಗಿಯದೆ ಬಿಲ್ಡ್ ಬೇಡ ಅಂತ ಎಲ್ಲೂ ಬರೆದಿಲ್ಲ. ಬರೆಯದ ಕ್ರಮವನ್ನು ಮೇಕ್ ಯಾಕೆ ಪಾಲಿಸಬೇಕು? ಅಲ್ವಾ?

ಎಂಡ್‌ಪಾಯಿಂಟ್_ಗಾಳಿ

-ಜೆ ಉದಾಹರಣೆ ಒಳ್ಳೆಯದು, ಒಪ್ಪಿದೆ. ಆದರೂ ನನ್ನ ಪ್ರಶ್ನೆ ಹಾಗೇ ಉಂಟು. ಬರೀ ಕಮಾಂಡ್ ಪಟ್ಟಿ ಬೇಕಾದವನಿಗೆ ಎಂತ ಹೇಳ್ತೀರಿ? ಅಂಥವರೇ ಜಾಸ್ತಿ.

ಹಂಪನಕಟ್ಟೆ_ಲೈನಕ್ಸ್

ಅವರಿಗೆ 'ಜಸ್ಟ್' ಅಂತ ಬೇರೆ ಸಾಧನವೇ ಉಂಟಲ್ಲ. ಅದಕ್ಕೆ ಫೈಲಿನ ಸಮಯದ ಗೊಡವೆ ಇಲ್ಲ, ಫೋನಿ ಬೇಡ, ಟ್ಯಾಬೇ ಆಗಬೇಕು ಅಂತಲೂ ಇಲ್ಲ. ಒಂದೇ ತೊಂದರೆ, ಬೇರೆಯಾಗಿ ಇನ್‌ಸ್ಟಾಲ್ ಮಾಡಬೇಕು. ಮೇಕ್ ಆದರೆ ಉಬುಂಟುವಿನಲ್ಲಿ ಬಿಲ್ಡ್-ಎಸೆನ್ಶಿಯಲ್ ಹಾಕಿದಾಗಲೇ ಬಂದಿರುತ್ತದೆ. ಲ್ಯಾಬಿನ ಯಂತ್ರದಲ್ಲಿ ಹೊಸತು ಹಾಕಲು ಮಕ್ಕಳಿಗೆ ಅನುಮತಿ ಸಿಗುವುದು ಕಷ್ಟ. ಹಾಗಾಗಿ ಮೇಕ್ ಅನ್ನೇ ಪಟ್ಟಿಯಾಗಿ ಬಳಸುವುದು ನನ್ನ ಪ್ರಕಾರ ತಪ್ಪಲ್ಲ. ಆದರೆ ಅದು ಎರಡನೇ ಬಳಕೆ ಅಂತ ಹೇಳಿ ಬಳಸಬೇಕು.

ಕುಂಜಿಬೆಟ್ಟು_ಮ್ಯಾಕ್

ಉಡುಪಿಯಿಂದ ಒಂದು ದೂರು. ಗೈಡಿನಲ್ಲಿ ಸಿಡಿ ಸಮಸ್ಯೆಗೆ '.ಒನ್‌ಶೆಲ್ ಹಾಕಿ, ಸರಿಯಾಗುತ್ತದೆ' ಅಂತ ಬರೆದಿದೆ. ಎಲ್ಲ ಕಮಾಂಡ್ ಸಾಲುಗಳನ್ನೂ ಒಂದೇ ಶೆಲ್‌ನಲ್ಲಿ ಓಡಿಸು ಅಂತ ಅದರ ಅರ್ಥ. ನನ್ನ ಮ್ಯಾಕ್‌ನಲ್ಲಿ ಆಗುವುದಿಲ್ಲ. ಎರರ್ ಕೂಡ ಬರುವುದಿಲ್ಲ, ಅದು ಇನ್ನೂ ಕಿರಿಕಿರಿ.

ಕಾರಣ ಹುಡುಕಿದೆ. ಆಪಲ್ ಮ್ಯಾಕ್ ಜೊತೆ ಕೊಡುವುದು ಗ್ನೂ ಮೇಕ್ 3.81. ಅದು 2006ರದ್ದು. ಅದರ ನಂತರದ ಆವೃತ್ತಿಗಳ ಲೈಸೆನ್ಸ್ ಜಿಪಿಎಲ್ 3ಕ್ಕೆ ಹೋಯಿತು, ಆಪಲ್ ಹಳೆಯದರಲ್ಲೇ ನಿಂತಿತು. ಒನ್‌ಶೆಲ್ ಬಂದದ್ದು 2010ರ 3.82ರಲ್ಲಿ. ಹಳೆಯ ಮೇಕ್‌ಗೆ ಆ ಹೆಸರಿನ ಗುರುತೇ ಇಲ್ಲ, ಯಾವುದೋ ಒಂದು ಟಾರ್ಗೆಟ್ ಅಂತ ತಿಳಿದು ಸುಮ್ಮನಾಗುತ್ತದೆ. ಉಬುಂಟು 22.04ರಲ್ಲಿ 4.3 ಇದೆ, ಅಲ್ಲಿ ಸರಿಯಾಗಿ ಓಡುತ್ತದೆ. ಅಂದ್ರೆ ಅದೇ ಮೇಕ್‌ಫೈಲು ಗೆಳೆಯನ ಲ್ಯಾಪ್‌ಟಾಪಿನಲ್ಲಿ ಒಂದು ತರ, ನನ್ನದರಲ್ಲಿ ಇನ್ನೊಂದು ತರ.

ದಯವಿಟ್ಟು ಆ ಸಲಹೆ ತೆಗೆಯಿರಿ. ಹೋಮ್‌ಬ್ರೂ ಅನ್ನುವ ಇನ್‌ಸ್ಟಾಲರ್ ಮೂಲಕ ಹೊಸತು ಹಾಕಬಹುದು, ಆದರೆ ಆಗ ಅದರ ಹೆಸರು 'ಜಿಮೇಕ್'. ಹೊಸಬರಿಗೆ ಅದೊಂದು ಹೊಸ ಗೊಂದಲ.

ಕೊಟ್ಟಾರ_ಕಂಪೈಲರ್

ಇದು ಬೇಕಾಗಿತ್ತು, ಥ್ಯಾಂಕ್ಸ್. ಒನ್‌ಶೆಲ್ ತೆಗೆಯೋಣ. ಅಸಲು ವಿಷಯ ಹೇಳಿದ್ರೆ ಅದು ಬೇಕಾಗುವುದೂ ಇಲ್ಲ. ಮೇಕ್ ಪ್ರತಿ ಸಾಲಿಗೂ ಹೊಸ ಶೆಲ್ ತೆರೆಯುತ್ತದೆ, ಸಾಲು ಮುಗಿದ ಕೂಡಲೇ ಆ ಶೆಲ್ ಮುಚ್ಚುತ್ತದೆ. ಸಿಡಿ ಆದದ್ದು ಆ ಶೆಲ್‌ನಲ್ಲಿ. ಹಾಗಾಗಿ ಒಟ್ಟಿಗೆ ನಡೆಯಬೇಕಾದದ್ದನ್ನು ಒಂದೇ ಸಾಲಿನಲ್ಲಿ ಬರೆಯಿರಿ:

	ಸಿಡಿ ಡಾಕ್ಸ್ && ಪೈಥಾನ್3 ಬಿಲ್ಡ್.ಪಿವೈ

ನಡುವೆ ಎರಡು ಆಂಪರ್‌ಸ್ಯಾಂಡೇ ಇರಲಿ, ಅರ್ಧವಿರಾಮ ಬೇಡ. ಅರ್ಧವಿರಾಮ ಹಾಕಿದ್ರೆ ಸಿಡಿ ಫೇಲ್ ಆದ್ರೂ ಮುಂದಿನದ್ದು ಓಡುತ್ತದೆ, ಅದೂ ತಪ್ಪು ಫೋಲ್ಡರಿನಲ್ಲಿ. ಆ ಫೋಲ್ಡರಿನಲ್ಲಿ ಬೇರೆ ಮೇಕ್‌ಫೈಲೇ ಇದ್ದರೆ 'ಮೇಕ್ -ಸಿ ಡಾಕ್ಸ್' ಅಂದ್ರೆ ಸಾಕು. ಇಲ್ಲಿ ಸಿ ದೊಡ್ಡಕ್ಷರ.

ದೇರಳಕಟ್ಟೆ_ಫೈನಲ್‌ಇಯರ್

ಇನ್ನೊಂದು ಡೌಟ್ ಅಕ್ಕಾ. ಮೇಕ್‌ಫೈಲಿನಲ್ಲಿ ಡಾಲರ್ ಹಾಕಿ ಹೋಮ್ ವೇರಿಯಬಲ್ ಬರೆದರೆ 'ಓಎಂಇ' ಅಂತ ಬರುತ್ತದೆ. ಎಚ್ ಎಲ್ಲಿಗೆ ಹೋಯಿತು?

ಹಂಪನಕಟ್ಟೆ_ಲೈನಕ್ಸ್

ಮೇಕ್ ತಿಂದಿತು. ಶೆಲ್‌ಗೆ ಕೊಡುವ ಮುಂಚೆ ಡಾಲರನ್ನು ಮೇಕ್ ತಾನು ಓದುತ್ತದೆ. ಆವರಣ ಚಿಹ್ನೆ ಇಲ್ಲದಿದ್ದರೆ ಡಾಲರ್ ಪಕ್ಕದ ಒಂದೇ ಅಕ್ಷರ ಅದಕ್ಕೆ ಹೆಸರು. ಎಚ್ ಅನ್ನುವ ವೇರಿಯಬಲ್ ಇಲ್ಲ, ಖಾಲಿ. ಉಳಿದ ಓ, ಎಂ, ಇ ಶೆಲ್‌ಗೆ ಹೋಯಿತು. ಶೆಲ್ಲಿನ ವೇರಿಯಬಲ್ ಬೇಕಾದರೆ ಡಾಲರ್ ಎರಡು ಸಲ ಹಾಕಬೇಕು.

ಇದು ನಗುವ ವಿಷಯ ಅಲ್ಲ. ಕ್ಲೀನ್ ಅಡಿಯಲ್ಲಿ ಆರ್‌ಎಂ -ಆರ್‌ಎಫ್ (ಕೇಳದೆ ಅಳಿಸುವ ಕಮಾಂಡ್) ಜೊತೆ ಒಂದು ವೇರಿಯಬಲ್, ಅದರ ಪಕ್ಕ ಸ್ಲ್ಯಾಶು, ಸ್ಟಾರು ಅಂತ ಬರೆದಿದ್ದೀರಿ ಅಂದುಕೊಳ್ಳಿ. ವೇರಿಯಬಲ್ಲಿನ ಹೆಸರಿನಲ್ಲಿ ಒಂದಕ್ಷರ ತಪ್ಪಿದ್ರೆ ಅದು ಖಾಲಿ. ಉಳಿಯುವುದು ಸ್ಲ್ಯಾಶ್ ಸ್ಟಾರ್. ಇಡೀ ಡಿಸ್ಕು. ಮೇಕ್ ನಿಮ್ಮನ್ನು ಕೇಳುವುದೂ ಇಲ್ಲ.

ಹಾಗಾಗಿ ಗೈಡಿನಲ್ಲಿ ಕ್ಲೀನ್ ಕಲಿಸುವ ಮುಂಚೆ 'ಮೇಕ್ -ಎನ್' ಕಲಿಸಿ. ಓಡಿಸದೆ ಬರೀ ಕಮಾಂಡುಗಳನ್ನು ತೋರಿಸುತ್ತದೆ. ಒಂದು ವಿನಾಯಿತಿ ಉಂಟು, ಮೇಕ್ ಒಳಗಿಂದ ಮತ್ತೆ ಮೇಕ್ ಕರೆಯುವ ಸಾಲು, ಪ್ಲಸ್ ಚಿಹ್ನೆಯಿಂದ ಶುರುವಾಗುವ ಸಾಲು, ಇವೆರಡೂ -ಎನ್ ಕೊಟ್ಟರೂ ಓಡುತ್ತವೆ.

ಬಡಗುತಿಟ್ಟು

ನಾನು ಪ್ರೋಗ್ರಾಮರ್ ಅಲ್ಲ. ಉಡುಪಿ ಕಡೆ ಯಕ್ಷಗಾನ ಪದ್ಯಗಳನ್ನು ಟೈಪ್ ಮಾಡಿ ಪುಟ ಜೋಡಿಸುವ ಸಾಧನ ಝೀಲಾಟೆಕ್‌ನಲ್ಲಿ ಪಿಡಿಎಫ್ ಮಾಡುವ ಕೆಲಸ ನನ್ನದು. ಮಗಳು ನಿಮ್ಮ ಗೈಡು ತೋರಿಸಿದಳು. ಮೊದಲ ಪ್ಯಾರಾ ನನಗೆ ಅರ್ಥವಾಯಿತು, ಆದರೆ ಉದಾಹರಣೆಯೆಲ್ಲ ಸಿ ಭಾಷೆಯದ್ದು. ನನಗೆ ಆಬ್ಜೆಕ್ಟ್ ಫೈಲು ಅಂದ್ರೆ ಏನು ಅಂತಲೇ ಗೊತ್ತಿಲ್ಲ.

ಆದರೆ ಇಲ್ಲಿ ಕೊಟ್ಟಾರದವರು ಬರೆದ 'ಯಾವ ಫೈಲು ಯಾವುದರಿಂದ' ಅನ್ನುವ ಮಾತು ಕೂಡಲೇ ಹೊಳೆಯಿತು. ನನ್ನ ಹತ್ತಿರ ಪ್ರತಿ ಪ್ರಸಂಗಕ್ಕೂ ಒಂದು ಟೆಕ್ಸ್ ಫೈಲು. ಎಲ್ಲಕ್ಕೂ ಸೇರಿ ಒಂದು ಶೈಲಿ ಫೈಲು, ಅಕ್ಷರದ ಅಳತೆ, ರಾಗ-ತಾಳದ ಹೆಸರು ಹೇಗೆ ಕಾಣಬೇಕು ಅಂತ. ಒಂದು ಪ್ರಸಂಗ ತಿದ್ದಿದ್ರೆ ಅದರ ಪಿಡಿಎಫ್ ಮಾತ್ರ ಹೊಸದಾಗಬೇಕು. ಶೈಲಿ ತಿದ್ದಿದ್ರೆ ಎಲ್ಲವೂ. ಈಗ ನಾನು ಎಲ್ಲವನ್ನೂ ಪ್ರತಿ ಸಲ ಓಡಿಸಿ ಚಾ ಕುಡಿಯಲು ಹೋಗುತ್ತೇನೆ. ಇದು ಮೇಕ್‌ನಿಂದ ಆಗುತ್ತದಾ?

ಸುರತ್ಕಲ್_ಲೈಟ್‌ಹೌಸ್

ಆಗುತ್ತದೆ ಸರ್, ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಸಿಗುವುದಿಲ್ಲ. ನಿಮ್ಮ ಇಡೀ ಮೇಕ್‌ಫೈಲು ಇಷ್ಟು:

ಮೂಲ := $(ವೈಲ್ಡ್‌ಕಾರ್ಡ್ *.ಟೆಕ್ಸ್)
ಎಲ್ಲ: $(ಮೂಲ:.ಟೆಕ್ಸ್=.ಪಿಡಿಎಫ್)
%.ಪಿಡಿಎಫ್: %.ಟೆಕ್ಸ್ ಶೈಲಿ.ಸ್ಟೈ
	ಝೀಲಾಟೆಕ್ -ಇಂಟರ್‌ಆ್ಯಕ್ಷನ್=ನಾನ್‌ಸ್ಟಾಪ್‌ಮೋಡ್ $<
.ಫೋನಿ: ಎಲ್ಲ
.ಡಿಲೀಟ್_ಆನ್_ಎರರ್:

ಮೊದಲ ಸಾಲಿನ ವೈಲ್ಡ್‌ಕಾರ್ಡ್ ಫೋಲ್ಡರಿನಲ್ಲಿರುವ ಎಲ್ಲ ಟೆಕ್ಸ್ ಫೈಲುಗಳ ಹೆಸರು ಹುಡುಕಿ ಕೊಡುತ್ತದೆ. ಶೇಕಡಾ ಚಿಹ್ನೆ ಅಂದ್ರೆ 'ಯಾವ ಹೆಸರಾದರೂ ಸರಿ, ಎರಡೂ ಕಡೆ ಒಂದೇ ಇರಬೇಕು'. $< ಅಂದ್ರೆ ಅವಲಂಬನೆಗಳಲ್ಲಿ ಮೊದಲನೆಯದು, ಇಲ್ಲಿ ಟೆಕ್ಸ್ ಫೈಲು. ಇದರ ಅಣ್ಣತಮ್ಮಂದಿರು $@ ಅಂದ್ರೆ ತಯಾರಾಗಬೇಕಾದದ್ದು, $^ ಅಂದ್ರೆ ಎಲ್ಲ ಅವಲಂಬನೆಗಳು.

ಕೊನೆಯ ಸಾಲು ಯಾಕೆ ಅಂದ್ರೆ, ನಾನ್‌ಸ್ಟಾಪ್‌ಮೋಡ್‌ನಲ್ಲಿ ಟೆಕ್ಸ್ ತಪ್ಪು ಸಿಕ್ಕಿದರೂ ಮುಂದೆ ಹೋಗಿ ಒಂದು ಹಾಳು ಪಿಡಿಎಫ್ ಮಾಡಿಡುತ್ತದೆ. ಮೇಕ್ ಎರರ್ ತೋರಿಸಿ ನಿಲ್ಲುತ್ತದೆ, ನಿಜ. ಆದರೆ ಮುಂದಿನ ಸಲ ನೋಡುವಾಗ ಆ ಹಾಳು ಪಿಡಿಎಫ್ ಟೆಕ್ಸ್ ಫೈಲಿಗಿಂತ ಹೊಸತು! ಎಲ್ಲ ಸರಿ ಉಂಟು ಅಂತ ಹೇಳಿಬಿಡುತ್ತದೆ. ಆ ಸಾಲು ಇದ್ದರೆ ಎರರ್ ಆದ ಕೂಡಲೇ ಅರೆಬೆಂದದ್ದನ್ನು ಅಳಿಸುತ್ತದೆ. ಪರಿವಿಡಿ ಇರುವ ಪುಸ್ತಕಕ್ಕೆ ಎರಡು ಸಲ ಓಡಿಸಬೇಕಾಗುತ್ತದೆ, ಆಗ ಝೀಲಾಟೆಕ್ ಬದಲು, ಬೇಕಾದಷ್ಟು ಸಲ ತಾನೇ ಓಡಿಸುವ ಲಾಟೆಕ್-ಎಂಕೆ ಕರೆಯುವುದು ಒಳ್ಳೆಯದು.

ಬಡಗುತಿಟ್ಟು

ಒಂದು ಬಿಟ್ಟು ಎಲ್ಲ ಓಡಿತು! 'ಸಭಾ ಲಕ್ಷಣ.ಟೆಕ್ಸ್' ಅನ್ನುವುದು ಮಾತ್ರ ಆಗುತ್ತಿಲ್ಲ. 'ನೋ ರೂಲ್ ಟು ಮೇಕ್ ಟಾರ್ಗೆಟ್' ಅಂತ ಬರುತ್ತದೆ.

ಹಂಪನಕಟ್ಟೆ_ಲೈನಕ್ಸ್

ಹೆಸರಿನ ನಡುವೆ ಜಾಗ ಉಂಟು. ಮೇಕ್‌ಗೆ ಅದು ಎರಡು ಬೇರೆ ಬೇರೆ ಫೈಲು, 'ಸಭಾ' ಮತ್ತು 'ಲಕ್ಷಣ.ಟೆಕ್ಸ್'. ಜಾಗವೇ ಅದರ ಪಟ್ಟಿಯ ಗಡಿ. ಇದಕ್ಕೆ ನೆಟ್ಟಗಿನ ಪರಿಹಾರ ಇಲ್ಲ ಸರ್, ಹೆಸರಿನಲ್ಲಿ ಜಾಗದ ಬದಲು ಅಡಿಗೆರೆ ಹಾಕಿಬಿಡಿ.

ಕನ್ನಡದಲ್ಲಿ ಫೈಲಿನ ಹೆಸರು ಇಡುವವರಿಗೆ ಇನ್ನೊಂದು ಗುಂಡಿ ಉಂಟು, ಇಂಗ್ಲಿಷ್ ಗೈಡುಗಳಲ್ಲಿ ಇದು ಸಿಗುವುದಿಲ್ಲ. ಕನ್ನಡ ಹೆಸರು ಮೇಕ್‌ಗೆ ಸಮಸ್ಯೆ ಅಲ್ಲ, ಅದು ಬರೀ ಬೈಟುಗಳನ್ನು ಹೋಲಿಸುತ್ತದೆ. ಸಮಸ್ಯೆ ಅಲ್ಲೇ ಇರುವುದು. ಅರ್ಧಾಕ್ಷರ ಬಿಡಿಸಿ ಬರೆಯಲು ನಾವು ಹಾಕುವ ಆ ಕಾಣದ ಅಕ್ಷರ, ಶೂನ್ಯ ಅಗಲದ್ದು, ಗೊತ್ತಲ್ಲ? 'ರಾಜ್‌ಕುಮಾರ್' ತರಹದ ಹೆಸರಿನಲ್ಲಿ ಜ್ ಮತ್ತು ಕು ಒಂದಕ್ಕೊಂದು ಅಂಟದ ಹಾಗೆ ನಡುವೆ ಕೂರುತ್ತದೆ. ಅದು ಪದದ ಕೊನೆಯಲ್ಲಿ ಬಂದರೆ ಕಣ್ಣಿಗೆ ಯಾವ ವ್ಯತ್ಯಾಸವೂ ಇಲ್ಲ. ಒಂದು ಕೀಬೋರ್ಡ್ ಅದನ್ನು ಹಾಕುತ್ತದೆ, ಇನ್ನೊಂದು ಹಾಕುವುದಿಲ್ಲ. ಡಿಸ್ಕಿನಲ್ಲಿರುವ ಹೆಸರು ಒಂದು, ಮೇಕ್‌ಫೈಲಿನಲ್ಲಿ ಟೈಪ್ ಮಾಡಿದ ಹೆಸರು ಇನ್ನೊಂದು. ಎರಡೂ ಪಕ್ಕಪಕ್ಕ ಇಟ್ಟರೂ ಒಂದೇ ತರಹ ಕಾಣುತ್ತವೆ. ಮೇಕ್ ಮಾತ್ರ ಇಲ್ಲ ಅನ್ನುತ್ತದೆ.

ಹೆಸರನ್ನು ಕೈಯಿಂದ ಟೈಪ್ ಮಾಡದೆ, ವೈಲ್ಡ್‌ಕಾರ್ಡಿನಿಂದಲೇ ತೆಗೆದುಕೊಂಡರೆ ಈ ರಗಳೆ ಇಲ್ಲ. ಮೇಲಿನ ಮೇಕ್‌ಫೈಲಿನಲ್ಲಿ ಹಾಗೇ ಇದೆ.

ಬಡಗುತಿಟ್ಟು

ಅಡಿಗೆರೆ ಹಾಕಿದೆ, ಆಯಿತು. ಈಗ ಒಂದು ಪದ್ಯ ತಿದ್ದಿದ್ರೆ ಒಂದೇ ಪಿಡಿಎಫ್ ಹೊಸದಾಗುತ್ತದೆ. ಚಾಕ್ಕೆ ಹೋಗಲು ಬೇರೆ ನೆಪ ಹುಡುಕಬೇಕು.

ಲ್ಯಾಬ್_ಅಣ್ಣ

ಮಳೆಗಾಲ ಶುರುವಾಯಿತಲ್ಲ, ನಮ್ಮ ಲ್ಯಾಬಿನ ಒಂದು ವಿಷಯ ಗೈಡಿಗೆ ಸೇರಿಸಿ. ಹಳೇ ಯಂತ್ರಗಳಲ್ಲಿ ಮದರ್‌ಬೋರ್ಡಿನ ಬ್ಯಾಟರಿ ಸತ್ತಿರುತ್ತದೆ. ಗುಡುಗು ಬಂದು ಕರೆಂಟು ಹೋಗಿ ಮತ್ತೆ ಬಂದಾಗ ಗಡಿಯಾರ ಯಾವುದೋ ಹಳೆಯ ಇಸವಿಗೆ ಹೋಗಿರುತ್ತದೆ. ನೆಟ್ ಇದ್ದರೆ ತಾನೇ ಸರಿಯಾಗುತ್ತದೆ, ಇಲ್ಲದಿದ್ದರೆ ಇಲ್ಲ. ಆಗ ಮಕ್ಕಳು ಫೈಲು ತಿದ್ದುತ್ತಾರೆ, ಮೇಕ್ ಅಲುಗಾಡುವುದಿಲ್ಲ. ತಿದ್ದಿದ ಫೈಲಿನ ಸಮಯ ಹಳೆಯ ಇಸವಿ, ನಿನ್ನೆ ತಯಾರಾದ ಆಬ್ಜೆಕ್ಟ್ ಫೈಲು ಅದಕ್ಕಿಂತ ಹೊಸತು. 'ಕ್ಲಾಕ್ ಸ್ಕ್ಯೂ ಡಿಟೆಕ್ಟೆಡ್' ಅಂತ ಎಚ್ಚರಿಕೆ ಬರುತ್ತದೆ, ಯಾರೂ ಓದುವುದಿಲ್ಲ. ಸರ್ವರಿನ ಫೋಲ್ಡರಿನಲ್ಲಿ ಕೆಲಸ ಮಾಡುವಾಗ ಸರ್ವರ್ ಗಡಿಯಾರಕ್ಕೂ ಯಂತ್ರದ ಗಡಿಯಾರಕ್ಕೂ ಹೊಂದದಿದ್ದರೂ ಇದೇ ಕಥೆ.

ಗಡಿಯಾರ ಸರಿ ಮಾಡಿ, ಒಮ್ಮೆ 'ಮೇಕ್ -ಬಿ' ಕೊಡಿ ಅಂತ ಹೇಳುತ್ತೇನೆ. ಬಿ ದೊಡ್ಡದು. ಸಮಯ ನೋಡದೆ ಎಲ್ಲವನ್ನೂ ಹೊಸದಾಗಿ ಮಾಡುತ್ತದೆ.

ಕುಂಜಿಬೆಟ್ಟು_ಮ್ಯಾಕ್

ಹೆಡರ್ ವಿಷಯ ಯಾರೂ ಮುಟ್ಟಲಿಲ್ಲ. ಪ್ರತಿ ಫೈಲಿನ ಮುಂದೆ ಅದು ಸೇರಿಸಿಕೊಂಡ ಹೆಡರುಗಳನ್ನೆಲ್ಲ ಕೈಯಲ್ಲಿ ಬರೆಯುವುದು ಆಗುವ ಮಾತಾ?

ಸುರತ್ಕಲ್_ಲೈಟ್‌ಹೌಸ್

ಕೈಯಲ್ಲಿ ಬೇಡ. ಕಂಪೈಲರ್‌ಗೆ ಗೊತ್ತಿರುವುದನ್ನು ಕಂಪೈಲರ್ ಹತ್ತಿರವೇ ಬರೆಸಿ. ಜಿಸಿಸಿಗೂ ಕ್ಲ್ಯಾಂಗ್‌ಗೂ '-ಎಂಎಂಡಿ -ಎಂಪಿ' ಕೊಟ್ಟರೆ ಪ್ರತಿ ಆಬ್ಜೆಕ್ಟ್ ಫೈಲಿನ ಜೊತೆ ಒಂದು .ಡಿ ಫೈಲು ಬರುತ್ತದೆ. ಅದರೊಳಗೆ ಇರುವುದು ಮೇಕ್ ನಿಯಮವೇ. ಮೇಕ್‌ಫೈಲಿನ ಕೊನೆಗೆ ಅವನ್ನು '-ಇನ್‌ಕ್ಲೂಡ್' ಅಂತ ಸೇರಿಸಿದ್ರೆ ಮುಗಿಯಿತು. ಆ ಪದದ ಮುಂದಿರುವ ಅಡ್ಡಗೆರೆ ಮುಖ್ಯ, ಮೊದಲ ಸಲ .ಡಿ ಫೈಲು ಇಲ್ಲದಿದ್ದರೂ ಗಲಾಟೆ ಮಾಡಬೇಡ ಅಂತ ಅದು. -ಎಂಪಿ ಯಾಕೆ ಅಂದ್ರೆ, ನಾಳೆ ಒಂದು ಹೆಡರ್ ಅಳಿಸಿದ್ರೆ ಮೇಕ್ ಅದನ್ನು ಹುಡುಕುತ್ತಾ ನಿಂತುಬಿಡಬಾರದು.

ಕೊಟ್ಟಾರ_ಕಂಪೈಲರ್

ಸರಿ, ಈ ಚರ್ಚೆ ನೋಡಿ ಪುಟ ಹೊಸದಾಗಿ ಬರೆದಿದ್ದೇನೆ. ಮೊದಲ ಪ್ಯಾರಾ ಹೀಗೆ:

"ಒಂದು ಫೈಲಿನಿಂದ ಇನ್ನೊಂದು ಫೈಲು ತಯಾರು ಮಾಡುವ ಕೆಲಸ ಪದೇ ಪದೇ ಬಂದರೆ ಮೇಕ್ ಬಳಸಿ. ಯಾವುದು ಯಾವುದರಿಂದ, ಯಾವ ಕಮಾಂಡಿನಿಂದ ತಯಾರಾಗುತ್ತದೆ ಅಂತ ನೀವು ಬರೆಯುತ್ತೀರಿ. ಎರಡರ ಸಮಯ ಹೋಲಿಸಿ, ಹಳತಾದದ್ದನ್ನು ಮಾತ್ರ ಮೇಕ್ ಮತ್ತೆ ತಯಾರು ಮಾಡುತ್ತದೆ. ಫೈಲು ತಯಾರಾಗದ ಕೆಲಸಕ್ಕೂ, ಉದಾಹರಣೆಗೆ ಟೆಸ್ಟ್ ಓಡಿಸಲು, ಇದನ್ನೇ ಬಳಸಬಹುದು. ಅದಕ್ಕೆ ಫೋನಿ ಅಂತ ಬೇರೆ ಹೇಳಬೇಕು."

ಮೊದಲ ಉದಾಹರಣೆ ಟೆಕ್ಸ್‌ನಿಂದ ಪಿಡಿಎಫ್. ಸಿ ಭಾಷೆ ಎರಡನೆಯದು. ಒನ್‌ಶೆಲ್ ತೆಗೆದಿದ್ದೇನೆ. -ಎನ್ ಈಗ ಕ್ಲೀನ್‌ಗಿಂತ ಮುಂಚೆ ಬರುತ್ತದೆ. 'ಮೇಕ್‌ಗೆ ಕಾಣದ್ದು' ಅಂತ ಒಂದು ಹೊಸ ಭಾಗ ಸೇರಿಸಿದೆ. ಮೇಕ್ ನೋಡುವುದು ಫೈಲಿನ ಸಮಯ ಮಾತ್ರ. ಹಾಗಾಗಿ ಕಂಪೈಲರಿಗೆ ಕೊಡುವ ಆಯ್ಕೆ ಬದಲಿಸಿದ್ರೆ, ಡೀಬಗ್‌ನಿಂದ ರಿಲೀಸಿಗೆ ಹೋದರೆ, ಕಂಪೈಲರನ್ನೇ ಅಪ್‌ಡೇಟ್ ಮಾಡಿದ್ರೆ ಅದಕ್ಕೆ ಗೊತ್ತಾಗುವುದಿಲ್ಲ. ಯಾವ ಮೂಲ ಫೈಲಿನ ಸಮಯವೂ ಬದಲಾಗಿಲ್ಲವಲ್ಲ. ಲ್ಯಾಬಿನ ಗಡಿಯಾರವೂ ಅದೇ ಭಾಗದಲ್ಲಿದೆ. ಆಯ್ಕೆಗಳು ಮೇಕ್‌ಫೈಲಿನಲ್ಲೇ ಇದ್ದರೆ, ಮೇಕ್‌ಫೈಲನ್ನೂ ಒಂದು ಅವಲಂಬನೆ ಅಂತ ಸೇರಿಸುವ ಉಪಾಯ ಬರೆದಿದ್ದೇನೆ.

ಎಂಡ್‌ಪಾಯಿಂಟ್_ಗಾಳಿ

ಮೊದಲಿಗಿಂತ ಚೆನ್ನಾಗಿದೆ. ಆದರೆ ಕಮಾಂಡ್ ಪಟ್ಟಿಗೆ ಬೇರೆ ಪುಟವೇ ಬೇಕು ಅನ್ನುವ ಮಾತು ನಾನು ಬಿಡುವುದಿಲ್ಲ. ಫೋನಿ ಒಂದು ವಾಕ್ಯದಲ್ಲಿ ಮುಗಿಸುವ ವಿಷಯ ಅಲ್ಲ. ಆ ಪುಟ ನಾನೇ ಬರೆದು ಕಳಿಸುತ್ತೇನೆ, ಜಸ್ಟ್ ಬಗ್ಗೆಯೂ ಅದರಲ್ಲೇ ಹಾಕುತ್ತೇನೆ.

ದೇರಳಕಟ್ಟೆ_ಫೈನಲ್‌ಇಯರ್

ಅಕ್ಕಾ, ಹೊಸ ಪುಟದಿಂದ ಕಾಪಿ ಮಾಡಿದ್ರೆ 'ಮಿಸ್ಸಿಂಗ್ ಸೆಪರೇಟರ್' ಬರುತ್ತಿದೆ.

ಕೊಟ್ಟಾರ_ಕಂಪೈಲರ್

ಕಾಪಿ ಮಾಡುವಾಗ ಟ್ಯಾಬ್ ಹೋಗಿ ಸ್ಪೇಸ್ ಬರುತ್ತದೆ. 'ಕ್ಯಾಟ್ -ಎ' ಕೊಟ್ಟು ನೋಡು, ಎ ದೊಡ್ಡಕ್ಷರ. ಟ್ಯಾಬ್ ಇದ್ದಲ್ಲಿ ^ಐ ಅಂತ ಕಾಣಬೇಕು. ಪ್ರತಿ ಉದಾಹರಣೆಯ ಕೆಳಗೆ ಮೇಕ್‌ಫೈಲನ್ನೇ ಡೌನ್‌ಲೋಡ್ ಮಾಡುವ ಲಿಂಕ್ ಇವತ್ತು ರಾತ್ರಿ ಹಾಕುತ್ತೇನೆ.

ಕುಂಜಿಬೆಟ್ಟು_ಮ್ಯಾಕ್

ಮ್ಯಾಕ್‌ನಲ್ಲಿ 'ಕ್ಯಾಟ್'ಗೆ ಆ ದೊಡ್ಡ ಎ ಇಲ್ಲ. 'ಕ್ಯಾಟ್ -ಇಟಿ' ಅಂತ ಅದನ್ನೂ ಪಕ್ಕದಲ್ಲಿ ಬರೆದುಬಿಡಿ. ಉಳಿದ ಉದಾಹರಣೆಗಳನ್ನು 3.81ರಲ್ಲಿ ಓಡಿಸಿ ನೋಡಿದೆ, ಎಲ್ಲ ಸರಿ ಉಂಟು.